ಗೇಟಿನ ಹೊರಗೆ ನಿಂತ ತಾಯಿ

“ಹೂ ಈಸ್ ದಿಸ್?” ಎಂದು ಶಾಲೆಯ ಮೇಡಂ ನನ್ನತ್ತ ಕೈ ತೋರಿಸಿದಾಗ, ಪಕ್ಕದ ಮನೆಯ ನಾಲ್ಕು ವರ್ಷದ ಚಿನ್ಮಯಿ ಒಂದಿಷ್ಟೂ ತಡವರಿಸದೆ “ಮಮ್ಮಿ” ಎಂದಳು. “ವೆರಿ ಕಾನ್ಫಿಡೆಂಟ್ ಗರ್ಲ್!” ಎಂದು ಮೇಡಂ ನಕ್ಕರು. ಅವಳ ಹೆತ್ತ ತಾಯಿ ಮಂಗಳಾ, ಯಲಹಂಕದ ಆ ಶಾಲೆಯ ಗೇಟಿನ ಹೊರಗೆ ನೀರಿನ ಬಾಟಲಿ ಹಿಡಿದು ಬಿಸಿಲಲ್ಲಿ ನಿಂತಿದ್ದಳು.

ಎಲ್‌ಕೆಜಿಗೆ ಸೇರಿಸಿಕೊಳ್ಳುವ ಮೊದಲು ಅಲ್ಲಿ ತಾಯಿಯನ್ನೂ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. “ಅಕ್ಕಾ, ನಾನ್ ಬಾಯ್ ಬಿಟ್ರೆ ಸೀಟು ಹೋಯ್ತು ಕಣ್ರೀ. ನೀವೇ ಅವಳ ಅಮ್ಮ ಅಂತ ಕೂತ್ಕೊಳ್ಳಿ” ಎಂದು ಮಂಗಳಾ ಕೈ ಹಿಡಿದು ಕೇಳಿದ್ದಳು. ಒಂದು ವಾರ ಪ್ರತಿ ಸಂಜೆ, ನಾನು ನಮ್ಮ ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿರುವಾಗ, ಅವಳೇ ಮಗಳನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದಳು: ಇವರು ಮಮ್ಮಿ, ನಾನು ಆಂಟಿ. ತಪ್ಪಿದಾಗ ತೊಡೆಗೆ ಒಂದೇಟು ಬಿದ್ದದ್ದೂ ಉಂಟು. ನಾನು ತಲೆಯೆತ್ತದೆ ಕಾಳು ಬಿಡಿಸುತ್ತಲೇ ಇದ್ದೆ.

ಸಂದರ್ಶನ ಮುಗಿಸಿ ಹೊರಗೆ ಬಂದಾಗ ಮಂಗಳಾ ಎರಡೂ ಕೈ ಚಾಚಿದಳು. ಮಗು ಓಡಿಹೋಗಲಿಲ್ಲ. ನನ್ನ ಸೆರಗು ಹಿಡಿದುಕೊಂಡು, ಗೇಟಿನ ಕಾವಲುಗಾರನನ್ನೊಮ್ಮೆ ನೋಡಿ, ಪಿಸುಗುಟ್ಟಿತು: “ಆಂಟಿ, ಈಗ ಅಮ್ಮನ್ನ ಅಮ್ಮ ಅನ್ಬೋದಾ?”

ಸೀಟು ಸಿಕ್ಕಿತು. ತಿಂಗಳ ಪೋಷಕರ ಸಭೆಗೂ ಈಗ ನಾನೇ ಹೋಗಬೇಕು. ಸಭೆಯ ದಿನ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಾ ಮಂಗಳಾ ಮತ್ತೆ ಅದೇ ಪಾಠ ಹೇಳಿಸುತ್ತಾಳೆ. ಮಗು ಈಗ ಒಮ್ಮೆಯೂ ತಪ್ಪುವುದಿಲ್ಲ.