ಬುಕ್ ಮಾಡದ ಟಿಕೆಟ್‌ಗಳು

ಅಮೆರಿಕದ ಹ್ಯೂಸ್ಟನ್ ಬಳಿಯ ಪೇರ್ಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಧಾರವಾಡದವರು. ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಬಂದವರು ಕಾರು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಿದ್ದರು. ಒಳಗೆ ಅಂಕಲ್ ಇರುತ್ತಿದ್ದರು. ಹೃದಯದ ಆಪರೇಷನ್ ಆದಮೇಲೆ ಅವರಿಗೆ ನಾಲ್ಕು ಹೆಜ್ಜೆಗೇ ಏದುಸಿರು. ಮುಂದಿನ ವಾರದ ಮಾತೆತ್ತಿದರೂ ಆಂಟಿಯ ಉತ್ತರ ಒಂದೇ: "ಆವಾಗ ನೋಡೋಣ ತಗೋ."

ಹ್ಯೂಸ್ಟನ್ನಿನಿಂದ ಆಕ್ಲೆಂಡಿಗೆ ನೇರ ವಿಮಾನ ಶುರುವಾದ ವರ್ಷ ಇಬ್ಬರೂ ನ್ಯೂಜಿಲೆಂಡಿಗೆ ಹೊರಟರು. ದಕ್ಷಿಣ ದ್ವೀಪದ ಹಿಮಬೆಟ್ಟಗಳನ್ನು ನೋಡಬೇಕೆಂಬುದು ಆಂಟಿಯ ಬಹಳ ವರ್ಷದ ಆಸೆ. ಆದರೆ ಆಕ್ಲೆಂಡಿನಿಂದ ಅಲ್ಲಿಗೆ ಹೋಗುವ ವಿಮಾನದ ಟಿಕೆಟ್‌ಗಳನ್ನು ಮಾತ್ರ ಅವರು ಬುಕ್ ಮಾಡಿರಲೇ ಇಲ್ಲ.

"ಆಂಟಿ, ಈಗಲೇ ಬುಕ್ ಮಾಡಿ. ಅಲ್ಲಿಗೆ ಹೋದ್ಮೇಲೆ ಸೀಟೇ ಸಿಗಲ್ಲ," ಎಂದು ಮೂರು ಸಲ ಹೇಳಿದೆ. ಕೊನೆಗೆ ಲ್ಯಾಪ್‌ಟಾಪನ್ನೇ ಅವರ ಮುಂದಿಟ್ಟೆ. ಅವರು ಅದನ್ನು ಮೆಲ್ಲಗೆ ಮುಚ್ಚಿ, "ಚಾ ಮಾಡ್ಲೇನವಾ?" ಎಂದರು.

ಎರಡು ವಾರಕ್ಕೆ ವಾಪಸಾದರು. ಆಕ್ಲೆಂಡಿನಲ್ಲಿ ಇಳಿಯುವಷ್ಟರಲ್ಲೇ ಅಂಕಲ್ ದಣಿದುಹೋಗಿದ್ದರಂತೆ. ರಜೆಯೆಲ್ಲ ಅಲ್ಲೇ, ಸಮುದ್ರದೆದುರಿನ ಒಂದು ಬಾಡಿಗೆ ಕೋಣೆಯಲ್ಲಿ ಕಳೆಯಿತು. ಆಂಟಿ ಬೆಟ್ಟ ನೋಡಲಿಲ್ಲ.

"ಮೊದಲೇ ಬುಕ್ ಮಾಡಿದ್ರೆ ಹೇಗೋ ಹೋಗಿಬರಬಹುದಿತ್ತೇನೋ, ಆಂಟಿ," ಎಂದುಬಿಟ್ಟೆ.

ಸೂಟ್‌ಕೇಸಿನಿಂದ ಬಟ್ಟೆ ತೆಗೆಯುತ್ತಿದ್ದವರು ಅಂಕಲ್ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಟಿಕೆಟ್ ತಗಸಿದ್ರ ಅವ್ರು ನನ್ನ ಸಲುವಾಗಿ ಎದ್ದು ಬಂದೇ ಬರ್ತಿದ್ರವಾ. ಅದಕ್ಕ ತಗಸಲಿಲ್ಲ."