ಅತ್ತೆ ‘ಬಿಡು’ ಅಂದರು

ನಮ್ಮ ಕಡೆ ಗೌರಿ ಹುಣ್ಣಿಮೆಯ ಸಂಜೆ ಆರತಿ ಮುಗಿಸಿ ಹೆಂಗಸರು ಫುಗಡಿ ಆಡುತ್ತಾರೆ. ಇಬ್ಬರು ಎದುರಾಬದುರು ನಿಂತು, ಕೈಗೆ ಕೈ ಕತ್ತರಿ ಹಾಕಿ ಹಿಡಿದು, ಪಾದಕ್ಕೆ ಪಾದ ಕೂಡಿಸಿ, ಮೈ ಹಿಂದಕ್ಕೆ ವಾಲಿಸಿ ಗರಗರ ತಿರುಗುವುದು. ನೋಡುವವರಿಗೆ ಇದು ಬರೀ ಕುಣಿತ. ಆಡುವವರಿಗೆ ಮಾತ್ರ ಮದುವೆ ಮನೆಯ ಪಂಕ್ತಿಗಿಂತ ಹೆಚ್ಚು ರೀತಿ ರಿವಾಜು ಇದರಲ್ಲಿವೆ. ಉಂಗುರ ತೆಗೆದಿಡಬೇಕು, ಇಲ್ಲವಾದರೆ ಜೋಡಿಯಾದವಳ ಬೆರಳಿಗೆ ಗಾಯ. ಯಾರೇ ಕೈ ಚಾಚಿದರೂ ಒಲ್ಲೆ ಅನ್ನಬಾರದು. ಅವರು ಎಷ್ಟೇ ದಪ್ಪಗಿರಲಿ, ಆಟ ಮುಗಿದ ಮೇಲೆ ಅವರೆದುರಿಗೇ ತೋಳು ತಿಕ್ಕಿಕೊಳ್ಳುತ್ತ ಕೂರಬಾರದು. ಈ ಕೊನೆಯದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು.

ನನ್ನ ತವರು ಅಳ್ನಾವರ. ನವಲಗುಂದದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಮೊದಲ ವರ್ಷ, ಆರತಿಗೆ ಹೊರಡುವ ಮುಂಚೆ ಅತ್ತೆ ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿ ಇದನ್ನೆಲ್ಲ ಹೇಳಿಕೊಟ್ಟರು. ಐವತ್ತು ದಾಟಿದ್ದರೂ ಫುಗಡಿಯಲ್ಲಿ ಓಣಿಗೆಲ್ಲ ಅವರದೇ ಹೆಸರು. ಒಂದು ಮಾತನ್ನು ಮಾತ್ರ ಎರಡು ಸಲ ಹೇಳಿದರು.

“ಹಿರ್‍ಯಾರ ಜೋಡಿ ಆಡುವಾಗ ನಾವಾಗೇ ಕೈ ಬಿಡಬಾರದು. ಅವರು ಬಿಡು ಅಂದ ಮ್ಯಾಲೇ ಬಿಡಬೇಕು. ತಿಳೀತಿಲ್ಲೋ?”

“ಹೌದ್ರಿ,” ಅಂದೆ. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುಚ್ಚು ಆಗ ನನಗೆ ವಿಪರೀತವಾಗಿತ್ತು.

ಆರತಿ ಮುಗಿದ ಮೇಲೆ ಗುಡಿಯ ಮುಂದೆ ಓಣಿಯ ಹೆಂಗಸರೆಲ್ಲ ಸುತ್ತುಗಟ್ಟಿ ನಿಂತಿದ್ದರು. ಯಾರೋ ಕಟ್ಟೆಯ ಮೇಲೆ ಮೊಬೈಲಿಟ್ಟು ಹಾಡು ಹಚ್ಚಿದ್ದರು. ಅತ್ತೆ ತಮ್ಮ ಗೆಳತಿಯರನ್ನೆಲ್ಲ ಬಿಟ್ಟು ಮೊದಲು ನನ್ನ ಕಡೆಗೇ ಕೈ ಚಾಚಿದರು. ಹೊಸ ಸೊಸೆಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ. ಹಲ್ಲು ಕಚ್ಚಿ ತಿರುಗಿದೆ. ಮನೆ, ಗಿಡ, ಮಂದಿ ಎಲ್ಲ ಕಲಸಿಹೋದವು. ತಲೆ ಎಲ್ಲೋ ಹೋಗಿತ್ತು, ಕಿವಿ ಮಾತ್ರ ಅತ್ತೆಯ ಬಾಯಿ ಕಾಯುತ್ತಿತ್ತು, ಯಾವಾಗ ಬಿಡು ಅಂತಾರೆ ಎಂದು.

“ಅಗದಿ ಛಂದ ಆಡ್ತಿ ಬಿಡು,” ಅಂದರು ಅತ್ತೆ.

ನಾನು ಬಿಟ್ಟೆ.

ಮೆಚ್ಚಿಕೊಂಡಾಗಲೋ ಅಚ್ಚರಿಪಟ್ಟಾಗಲೋ ಮಾತಿನ ಬಾಲಕ್ಕೆ ಒಂದು ‘ಬಿಡು’ ಅಂಟಿಸುವುದು ನಮ್ಮ ಕಡೆಯವರ ಹುಟ್ಟುಗುಣ. ಅಳ್ನಾವರದಲ್ಲೂ ಅಂಟಿಸುತ್ತೇವೆ. ಗೊತ್ತಿರದ ಮಾತೇನಲ್ಲ. ಆದರೆ ಆ ಗಿರಕಿಯಲ್ಲಿ ನನ್ನ ಬುದ್ಧಿಗೆ ಮುಟ್ಟಿದ್ದು ಅದೊಂದೇ ಶಬ್ದ. ನಾನು ಹೋಗಿ ನೋಡುವವರ ಮೈಮೇಲೆ ಬಿದ್ದೆ. ಅತ್ತೆ ಕಲ್ಲುಹಾಸಿನ ಮೇಲೆ ಬಿದ್ದರು, ಬಲಗೈ ಮಣಿಕಟ್ಟು ಉಳುಕಿತು.

ಆವತ್ತಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಅತ್ತೆ ಚಮಚದಲ್ಲಿ ಉಣ್ಣುತ್ತಿದ್ದರು. ನಾನು ಎಣ್ಣೆ ಬಿಸಿ ಮಾಡಿ ಒಯ್ದರೆ “ಇರಲಿ, ನಾನ ಹಚ್ಕೋತೀನಿ” ಎಂದು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಬೈದಿದ್ದರೆ ವಾಸಿ ಇತ್ತು. ನೀವೇ ಬಿಡು ಅಂದಿರಿ ಎನ್ನೋಣವೆಂದರೆ ಎದುರು ಮಾತಾಡಿದ ಹಾಗೆ. ಈ ಹೆಂಗಸು ಇನ್ನು ಜನ್ಮದಲ್ಲಿ ನನ್ನನ್ನು ನಂಬುವುದಿಲ್ಲ ಎಂದು ಬಚ್ಚಲಿನಲ್ಲಿ ಕುಳಿತು ಎಷ್ಟೋ ಸಲ ಕಣ್ಣೊರೆಸಿಕೊಂಡಿದ್ದೇನೆ. ಅಷ್ಟು ಬೇಗ ಅವರ ಮೇಲೆ ನನಗೆ ಜೀವ ಹತ್ತಿತ್ತು.

ಎಳ್ಳಮಾವಾಸ್ಯೆ ಬಂತು. ಹೊಲದಲ್ಲಿ ಊಟಕ್ಕೆ ಹಾಸಲು ದೊಡ್ಡ ಜಮಖಾನ ಹೊರಗೆ ತೆಗೆದೆವು. ಅತ್ತೆಯ ಕೈ ಅಷ್ಟರಲ್ಲಿ ನೆಟ್ಟಗಾಗಿತ್ತು. ಅಂಗಳದಲ್ಲಿ ಆ ತುದಿ ಅವರು, ಈ ತುದಿ ನಾನು ಹಿಡಿದು ಝಾಡಿಸಿದೆವು.

“ಭಾಳ ಧೂಳ ಕುಂತೈತಿ ಬಿಡು,” ಅಂದರು.

ಜಮಖಾನದ ನನ್ನ ತುದಿ ನೆಲಕ್ಕೆ ಬಿತ್ತು. ಒಂದೂವರೆ ತಿಂಗಳಿಂದ ಅವರ ಒಂದೊಂದು ಮಾತಿಗೂ ನಾನು ಅಷ್ಟು ಹೆದರಿ ನಡೆಯುತ್ತಿದ್ದೆ.

“ಯಾಕ ಬಿಟ್ಟಿ?”

“ನೀವ ಬಿಡು ಅಂದ್ರೆಲ್ರಿ.”

“ನಾ ಎಲ್ಲೆ ಅಂದ್ನಿ,” ಎಂದವರು ಅಲ್ಲೇ ತಡೆದರು. ಆಡಿದ ಮಾತನ್ನೇ ತುಟಿಯೊಳಗೆ ಮತ್ತೊಮ್ಮೆ ಆಡಿ ನೋಡಿದರು. “ಅವತ್ತೂ ಹಿಂಗ ಅಂದಿದ್ನೇನ?”

“ಹೌದ್ರಿ. ಅಗದಿ ಛಂದ ಆಡ್ತಿ ಬಿಡು, ಅಂದ್ರಿ.”

ಅತ್ತೆ ಆ ಧೂಳು ಜಮಖಾನದ ಮೇಲೇ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಅವರು ಸೆರಗಿನ ಧೂಳು ಕೊಡವಿಕೊಂಡರು.

“ನೀ ಬೇಕಂತನ ಬಿಟ್ಟಿ ಅಂತ ತಿಳ್ಕೊಂಡಿದ್ನೆವಾ,” ಅಂದರು. “ತಿರಗುವಾಗ ಯಾರ ಕೈ ಯಾರ ಬಿಟ್ರು ಯಾರಿಗೆ ಕಾಣತೈತಿ. ಓಣ್ಯಾಗ ಕೇಳಿದವರಿಗೆಲ್ಲಾ ನನ್ನ ಕಾಲ ಜಾರಿತು ಅಂತ ಹೇಳೀನಿ. ಹೊಸದಾಗಿ ಬಂದಾಕಿ, ನಿನ್ನ ಹೆಸರ ಯಾಕ ಕೆಡಬೇಕು.”

ಅಷ್ಟು ದಿನ ಓಣಿಯ ಒಬ್ಬ ಹೆಂಗಸೂ ನನಗೆ ಒಂದು ಕೊಂಕು ಮಾತು ಆಡಿರಲಿಲ್ಲ. ಅದು ನನ್ನ ಒಳ್ಳೆಯತನಕ್ಕೆ ಸಿಕ್ಕ ಮರ್ಯಾದೆ ಎಂದು ತಿಳಿದಿದ್ದೆ.