ಮೂರು ಸಲ ಬರೆದ ಗಣಿತದ ಪೇಪರು

ತೇರದಾಳ ಮಾಸ್ತರ ಕಡೆ ಗಣಿತ ಕಲಿತವರೆಲ್ಲ ಶಾಲೆಯ ಕೊನೆಯ ವರ್ಷದ ಎಸ್ಸೆಸ್ಸಿ ಪರೀಕ್ಷೆಯಲ್ಲಿ ಆ ಪೇಪರನ್ನು ಎರಡು ಸಲ ಬರೆದವರೇ. ನಪಾಸಾಗಿ ಅಲ್ಲ. ಅದೇ ದಿನ, ಅದೇ ಪ್ರಶ್ನೆಪತ್ರಿಕೆ. ಬೆಳಿಗ್ಗೆ ಬೋರ್ಡಿಗಾಗಿ, ಮಧ್ಯಾಹ್ನ ಮಾಸ್ತರಿಗಾಗಿ. ಬೇರೆ ಹುಡುಗರು ಪೇಪರು ಮುಗಿಸಿ ಬಂದರೆ ಅವರ ತಾಯಂದಿರು ಲಿಂಬೆಹಣ್ಣಿನ ಶರಬತ್ತು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ನಾವು ಐದು ಜನ ಮಾತ್ರ ಬೆವರು ಒರೆಸಿಕೊಳ್ಳುತ್ತ, ಮರಾಠಿ ಊರಿನ ಸದಾಶಿವ ಪೇಠದಲ್ಲಿ ಹತ್ತಾರು ಬಾಡಿಗೆ ಮನೆಗಳಿದ್ದ ನಮ್ಮ ವಾಡೆಯ ಕಟ್ಟಿಗೆಯ ಮೆಟ್ಟಿಲು ಹತ್ತಿ ಮಾಸ್ತರ ಕೋಣೆಗೆ ಹೋಗಬೇಕು. ಅಲ್ಲಿ ಚಾಪೆ ಹಾಸಿರುತ್ತಿತ್ತು. ಐದು ಮಣೆ, ಐದು ಕಟ್ಟು ಕಾಗದ, ಐದು ಪೆನ್ಸಿಲ್ಲು.

"ಬಂದ್ರೇನು? ಕೂಡ್ರಿ," ಎನ್ನುತ್ತಿದ್ದರು ಮಾಸ್ತರು. "ಅಲ್ಲಿ ಏನ್ ಬರದೀರಿ, ಅದನ್ನ ಇಲ್ಲಿ ಬರೀರಿ. ಅಲ್ಲಿ ತಪ್ಪಿದ್ರ ಇಲ್ಲೂ ತಪ್ಪರಿ. ಶಾಣ್ಯಾತನ ಬ್ಯಾಡ."

ಬರೆದು ಕೊಟ್ಟದ್ದನ್ನು ಅವರು ಹಸಿರು ಶಾಯಿಯಲ್ಲಿ ತಿದ್ದುತ್ತಿದ್ದರು. ಕೆಂಪು ಬೋರ್ಡಿನವರ ಹಕ್ಕು, ಅದಕ್ಕೆ ಕೈ ಹಚ್ಚಬಾರದು ಎಂಬುದು ಅವರ ಮರ್ಯಾದೆ. ಬಂದ ಮಾರ್ಕನ್ನು ಒಂದು ಉದ್ದನೆಯ ರಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ನಿಕಾಲು, ಅಂದರೆ ಫಲಿತಾಂಶ, ಬಂದ ದಿನ ಪಕ್ಕದ ಕಲಮಿನಲ್ಲಿ ಬೋರ್ಡಿನ ಮಾರ್ಕು ಬರೆಯುವುದು. ಎರಡರ ನಡುವೆ ಎರಡಕ್ಕಿಂತ ಹೆಚ್ಚಿನ ಫರಕು ಎಂದೂ ಬಂದಿರಲಿಲ್ಲ. ಬೋರ್ಡಿನವರೇ ಸಂಜೆ ಹೊತ್ತು ಬಂದು ಮಾಸ್ತರನ್ನು ಕೇಳಿಕೊಂಡು ಹೋಗುತ್ತಾರೆ ಎಂದು ನಾನು ವಾಡೆಯಲ್ಲಿ ಸುದ್ದಿ ಹಬ್ಬಿಸಿದ್ದೆ. ಇಬ್ಬರು ನಂಬಿದ್ದರು ಕೂಡ.

ಮಾರ್ಕು ಕೊಡುವುದು ಮಾಸ್ತರಿಗೆ ಉಸಿರಾಡಿದಷ್ಟೇ ಸಹಜ. ಗಣಿತಕ್ಕಷ್ಟೇ ಅಲ್ಲ, ಮದುವೆಯ ಊಟಕ್ಕೆ, ಗಾಳಿಗೆ, ಹಾಲಿನವನ ನಡತೆಗೆ, ಎಲ್ಲಕ್ಕೂ. ಊಟದ ಎಲೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುವರು.

"ಸಾರು ಅರವತ್ತೆಂಟು. ಉಪ್ಪಿನಾಗ ಹತ್ತು ಹೋದೂವು."

ಅವರ ಹೆಂಡತಿ ಗೋದಕ್ಕ ಸೌಟು ಎತ್ತಿ, "ನಿಮ್ಮ ಮಾರ್ಕಿಗೆ ಬೆಂಕಿ ಹಚ್ಚಲಿ! ಇನ್ನೊಂದ ಸೌಟ ಹಾಕಲ್ಯೋ ಬ್ಯಾಡೋ, ಅಷ್ಟ ಹೇಳ್ರಿ," ಎನ್ನುವರು.

"ಹಾಕು, ಹಾಕು. ಪಾಸು ಆಗೇದ."

ಮೂವತ್ತು ವರ್ಷದ ಸಂಸಾರದಲ್ಲಿ ಗೋದಕ್ಕ ಎಂಬತ್ತು ಮಾರ್ಕು ದಾಟಿರಲಿಲ್ಲ. ಆದರೆ ಮಾಸ್ತರು ಒಂದು ದಿನವೂ ಅನ್ನ ಬಿಟ್ಟು ಎದ್ದವರಲ್ಲ.

ಮನೆಯೊಳಗೆ ಅವರದು ಅಪ್ಪಟ ಧಾರವಾಡ ಕಡೆಯ ಕನ್ನಡ, ಅದೂ ಏರುದನಿಯಲ್ಲಿ. ಹೊಸ್ತಿಲು ದಾಟಿ ಗ್ಯಾಲರಿಗೆ ಬಂದರೆ ಮೆತ್ತನೆಯ ಮರಾಠಿ. "ಎಷ್ಟ ಸಲ ಹೇಳಬೇಕೋ ದಡ್ಡಾ!" ಎಂದು ನಮ್ಮನ್ನು ಬೈಯುತ್ತ ಹೊರಬಂದವರು, ಎದುರಿಗೆ ವಾಡೆಯ ಒಡತಿ ಆಜಿ ಕಂಡರೆ ಅದೇ ಉಸಿರಿನಲ್ಲಿ, "ಕಾಯ ಆಜಿ, ಬರ್‍ಯಾ ಆಹಾತ ನಾ?" ಎಂದು ಕುಶಲ ಕೇಳುತ್ತಿದ್ದರು. ಈ ತಿರುವನ್ನು ಅನುಕರಿಸಲು ನಾನು ಒಂದು ಇಡೀ ಮಳೆಗಾಲ ತೆಗೆದುಕೊಂಡೆ.

ಹೌದು, ನಾನು ಹುಟ್ಟಾ ನಕಲಿ. ಎದುರಿಗೆ ಬಂದವರ ದನಿ, ನಡಿಗೆ, ಮೂಗು ಎಳೆಯುವ ರೀತಿ ಎಲ್ಲ ನನ್ನ ಮೈಮೇಲೆ ಬರುತ್ತಿದ್ದವು. ಬಾರದೇ ಇದ್ದದ್ದು ಗಣಿತ ಒಂದೇ. ಒಂದು ಸಂಜೆ ಮಾಸ್ತರು ಬರುವ ಮೊದಲು ಮೆಟ್ಟಿಲ ಮೇಲೆ ನಿಂತು ಅವರಂತೆ ಎರಡು ಸಲ ಕೆಮ್ಮಿ, "ಪಾಟೀ ತಗೀರಿ, ಬಾಯಿ ಮುಚ್ಚರಿ!" ಎಂದೆ. ಒಳಗೆ ಹರಟುತ್ತಿದ್ದ ನಾಲ್ವರೂ ದಡಬಡಿಸಿ ಎದ್ದು ನಿಂತರು. ನಾನು ಗೆದ್ದವನಂತೆ ನಗುತ್ತಿರುವಾಗ ಬೆನ್ನ ಹಿಂದೆ ಕೊಡೆ ಮಡಚಿದ ಸದ್ದಾಯಿತು.

"ಕೆಮ್ಮು ಎರಡ ಸಲ ಅಲ್ಲೋ ರಾಘ್ಯಾ, ಮೂರ ಸಲ. ಐವತ್ತೈದು. ಹೋಗಿ ಕೂಡು," ಎಂದರು ಮಾಸ್ತರು.

ಗಣಿತದಲ್ಲಿ ಅವರು ನನಗೆ ಅಲ್ಲಿಯವರೆಗೆ ಅಷ್ಟು ಕೊಟ್ಟಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನನ್ನ ಎಸ್ಸೆಸ್ಸಿ ಬಂತು. ಗಣಿತದ ಪೇಪರು ಮುಗಿಸಿ ನಾನು ಶಿರೀಷನ ಜೊತೆ ನಡೆದು ಬಂದೆ. ಶಿರೀಷ ಹಿಂದಿನ ಓಣಿಯ ಮರಾಠಿ ಹುಡುಗ. ಮಾಸ್ತರ ಶಿಷ್ಯನಲ್ಲ, ಆದರೆ ಗಣಿತದಲ್ಲಿ ಹುಲಿ. ದಾರಿಯುದ್ದಕ್ಕೂ ಅವನು ಮೂಗಿನಲ್ಲಿ ಮಾತಾಡುತ್ತ, ವೃತ್ತದ ಪ್ರಮೇಯ ಹೇಗೆ ಬಿಡಿಸಬೇಕಿತ್ತು, ಕೊನೆಯ ಸಮೀಕರಣದ ಗುಟ್ಟೇನು, ಎಲ್ಲ ಬಿಡಿಸಿ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ಪರೀಕ್ಷೆಯಲ್ಲಿ ತಿಳಿಯದ್ದೆಲ್ಲ ಪರೀಕ್ಷೆ ಮುಗಿದ ಮೇಲೆ ನನಗೆ ತಿಳಿದುಹೋಯಿತು.

ಆಮೇಲೆ ಮಾಸ್ತರ ಚಾಪೆಯ ಮೇಲೆ ಕೂತಾಗ ನನ್ನ ಕೈ ಶಿರೀಷನ ಪ್ರಮೇಯ ಬರೆಯಿತು. ಸಮೀಕರಣವನ್ನೂ ಬರೆಯಿತು. ನಾನು ತಡೆಯಬಹುದಿತ್ತು. ಆದರೆ ಮಾಸ್ತರು ತಿದ್ದುತ್ತ ತಿದ್ದುತ್ತ ಹಿಗ್ಗಿ, "ಗೋದೂ, ಇಲ್ಲಿ ಬಾ, ಈ ಮಂಗ್ಯಾ ಏನ್ ಬರದಾನ ನೋಡು!" ಎಂದು ಅಡಿಗೆಮನೆಯತ್ತ ಕೂಗಿದಾಗ, ನಿಜ ಹೇಳುವವನು ಬೇರೆ ಜಾತಿಯ ಮಂಗ ಇರಬೇಕು. ರಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಎಪ್ಪತ್ತೊಂದು ಎಂದು ಬಿತ್ತು. ನನ್ನಪ್ಪ ದೇಹೂ ರೋಡಿನ ಡಿಪೋದಲ್ಲಿ ಕಾರಕೂನ. ಮರುದಿನ ಲೋಕಲ್ ಟ್ರೇನಿನಲ್ಲಿ ಕೂತವರಿಗೆಲ್ಲ ಮಗ ಇಂಜಿನಿಯರಿಂಗ್ ಡಿಪ್ಲೊಮಾ ಮಾಡುತ್ತಾನೆ ಎಂದು ಹೇಳಿಬಿಟ್ಟರು.

ಜೂನಿನಲ್ಲಿ ನಿಕಾಲು ಬಂತು. ಗಣಿತ: ನಲವತ್ತಮೂರು.

ಶಾಲೆಯ ಅಂಗಳದಲ್ಲಿ ನಾನು ಕುಣಿದೆ. ನನ್ನ ಸ್ವಂತ ಅಂದಾಜು ಮೂವತ್ತಾರು ಇತ್ತು. ಎಪ್ಪತ್ತೊಂದರ ನೆನಪು ಬಂದದ್ದು ವಾಡೆಯ ಬಾಗಿಲು ಹೊಕ್ಕ ಮೇಲೆ.

ಮಾಸ್ತರು ಮಾರ್ಕ್‌ಶೀಟನ್ನು ಮೂರು ಸಲ ಓದಿದರು. ರಜಿಸ್ಟರು ತೆರೆದರು. ಆಮೇಲೆ ಬಹಳ ಶಾಂತವಾಗಿ, "ಬೋರ್ಡಿನವರು ತಪ್ಪ್ಯಾರ," ಎಂದರು.

ಅಂದಿನಿಂದ ನಮ್ಮ ವಾಡೆ ಎರಡು ಪಕ್ಷವಾಯಿತು. ರೀಚೆಕಿಂಗಿಗೆ ಅರ್ಜಿ ಹಾಕಬೇಕೋ ಬೇಡವೋ? ಆಜಿ ಕೆಳಗಿನ ನಳದ ಹತ್ತಿರ ನಿಂತು, "ಅರ್ಜ ಕರಾ ಮಾಸ್ತರ, ಸೋಡೂ ನಕಾ!" ಎಂದು ಬಿಡಬೇಡಿರೆಂದು ಹುರಿದುಂಬಿಸಿದರು. ನನ್ನವ್ವನಿಗೆ ಅಂಜಿಕೆ. "ಅವರನ್ನ ಯಾಕ ಕೆಣಕಬೇಕ್ರಿ? ಸಿಟ್ಟಿಗೆದ್ದು ಇದ್ದ ನಲವತ್ಮೂರೂ ಕಸಕೊಂಡ್ರ?" ಎಂದಳು. ಅಪ್ಪ ಅವಳತ್ತ ಕಣ್ಣು ಬಿಟ್ಟು, "ಇಪ್ಪತ್ತೆಂಟು ಮಾರ್ಕು ಎಲ್ಲಿ ಹೋದೂವು? ಅವೇನು ಚುರಮರಿಯೇನು, ಗಾಳಿಗೆ ಹಾರಲಿಕ್ಕೆ?" ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಆ ವಾರ ನನ್ನ ಬಾಯಿಂದ ಯಾರ ದನಿಯೂ ಹೊರಡುತ್ತಿರಲಿಲ್ಲ. ನನಗೆ ಜ್ವರ ಎಂದು ಅವ್ವ ಕಷಾಯ ಕುಡಿಸಿದಳು.

ಅರ್ಜಿಗೆ ಕೊನೆಯ ದಿನ ಶನಿವಾರ. ಶುಕ್ರವಾರ ಸಂಜೆ ಗ್ಯಾಲರಿಯಲ್ಲಿ ಮಾಸ್ತರು ಅಪ್ಪನಿಗೆ ಹೇಳುವುದು ಕೇಳಿಸಿತು: "ನಾನ ಹೋಗ್ತೀನ್ರಿ ಬೋರ್ಡಿಗೆ. ರಜಿಸ್ಟರು ತಗೊಂಡು ಹೋಗ್ತೀನಿ. ಇಷ್ಟ ವರ್ಷದ್ದು ಅವರ ಮುಂದ ಇಡ್ತೀನಿ. ಪೇಪರು ತಗದು ನೋಡ್ರಿ ಅಂತೀನಿ. ನಂದ ತಪ್ಪ ಅಂತ ಬಂದ್ರ ಈ ಚಾಪಿ ಸುತ್ತಿ ಅಟ್ಟದ ಮ್ಯಾಲೆ ಒಗೀತೀನಿ. ಇನ್ನ ಯಾರ ಮಕ್ಕಳಿಗೂ ಕಲಿಸೂದಿಲ್ಲ."

ಇದು ಬರೀ ಮಾತಲ್ಲ ಎಂದು ಗೊತ್ತಿತ್ತು. ಒಮ್ಮೆ ಚಹಾಕ್ಕೆ ಮೂವತ್ತು ಕೊಟ್ಟ ಅಂಗಡಿಗೆ ಅವರು ಮತ್ತೆ ಕಾಲಿಟ್ಟಿರಲಿಲ್ಲ.

ಶನಿವಾರ ಮುಂಜಾನೆ ನನ್ನನ್ನು ಕರೆಸಿದರು. ಮಾಸ್ತರು ಇಸ್ತ್ರಿ ಮಾಡಿದ ಕರಿ ಕೋಟು ತೊಟ್ಟು, ಟೊಪ್ಪಿಗೆ ಇಟ್ಟು, ರಜಿಸ್ಟರನ್ನು ಬಿಳಿ ಪಂಜೆಯಲ್ಲಿ ಸುತ್ತಿಕೊಂಡು ಮದುಮಗನ ಹಾಗೆ ಕೂತಿದ್ದರು. ಮುಂದೆ ಅರ್ಜಿ.

"ಇಲ್ಲಿ ಸಹಿ ಮಾಡು. ವಿದ್ಯಾರ್ಥಿದ ಸಹಿ ಬೇಕಂತ."

ಪೆನ್ನು ಹಿಡಿದೆ. ಬಾಯಿ ತೆರೆದೆ. "ಸರ್, ನಾನು..." ಎಂದೆ. ಮುಂದೆ ಬರಲಿಲ್ಲ. ನನ್ನ ದನಿಯಲ್ಲಿ ಹೇಳುವ ಧೈರ್ಯ ನನ್ನ ಹತ್ತಿರ ಇರಲೇ ಇಲ್ಲ. ಆಗ ಏನಾಯಿತೋ, ಮೂಗಿನಲ್ಲಿ ಮರಾಠಿ ಹೊರಟಿತು: "ಅರೇ, ಸೋಪ್ಪಂ ಆಹೇ! ಆಧೀ ತ್ರಿಜ್ಯಾ ಕಾಢಾಯಚೀ, ಮಗ ಕಾಟಕೋನ..." ಮೊದಲು ತ್ರಿಜ್ಯ ಎಳೆ, ಆಮೇಲೆ ಲಂಬಕೋನ ಬರುತ್ತದೆ ಎಂದು ಇಡೀ ಪ್ರಮೇಯವನ್ನು ಶಿರೀಷನ ದನಿಯಲ್ಲೇ ಒಪ್ಪಿಸಿಬಿಟ್ಟೆ.

ಮಾಸ್ತರು ತಲೆ ಓರೆ ಮಾಡಿ ಕೇಳಿದರು. "ಇದು ಹಿಂದಿನ ಓಣಿ ಶಿರೀಷ ಅಲ್ಲೇನು? ಭಾಳ ಛಲೋ ತಗದಿ. ಆದ್ರ ಈಗ್ಯಾಕ?"

"ಅಂವಾ ಹೇಳಿದ್ದು ಸರ್."

"ಯಾವಾಗ?"

"ಪೇಪರ್ ಮುಗಿದ ಮ್ಯಾಲೆ. ಬರೂ ಮುಂದ, ದಾರಿಯೊಳಗ."

ಮಾಸ್ತರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಕಪಾಳ ಸಿದ್ಧ ಮಾಡಿಕೊಂಡೆ, ಎಡಗಡೆಯದು, ಅವರು ಬಲಗೈಯವರು.

ಅವರು ಹೊಡೆಯಲಿಲ್ಲ. ಎದ್ದು ಚಾಪೆ ಹಾಸಿದರು. ಕಾಗದ ಇಟ್ಟರು.

"ಕೂಡು. ಆವತ್ತ ಅಲ್ಲಿ ಏನೇನ್ ಬರದಿದ್ದಿ, ಅಷ್ಟ ಬರಿ. ಹೊಡದ ಹಾಕಿದ್ದನ್ನ ಹೊಡದ ಹಾಕು. ಅರ್ಧಾಕ ಬಿಟ್ಟಿದ್ದನ್ನ ಅರ್ಧಾಕ ಬಿಡು. ಊರ ಮಂದೀದೆಲ್ಲಾ ಮಾಡ್ತೀ ಅಲ್ಲಾ, ಇವತ್ತ ರಾಘ್ಯಾಂದ ಮಾಡಿ ತೋರಸು."

ಅದಕ್ಕಿಂತ ಕಠಿಣವಾದ ನಕಲನ್ನು ನಾನು ಇಲ್ಲಿಯವರೆಗೆ ಮಾಡಿಲ್ಲ. ಪರೀಕ್ಷೆಯ ಕೋಣೆಯ ಆ ಹುಡುಗನನ್ನು ಒಂದೊಂದಾಗಿ ಕರೆತಂದೆ. ಒಂಬತ್ತೇಳಲಿ ಐವತ್ತಾರು ಎಂದು ಬರೆದವನನ್ನು; ವೃತ್ತವನ್ನು ಬದನೆಕಾಯಿಯ ಆಕಾರದಲ್ಲಿ ತೆಗೆದವನನ್ನು; ಪ್ರಮೇಯದ ಹೆಸರು ಬರೆದು ಅಡಿಗೆರೆ ಎಳೆದು, ಆ ಅಡಿಗೆರೆಯನ್ನೇ ಚಂದ ಮಾಡುತ್ತ ಹತ್ತು ನಿಮಿಷ ಕೂತವನನ್ನು. ಬರೆಯುತ್ತ ಬರೆಯುತ್ತ ನನಗೆ ಅವನ ಮೇಲೆ ನಗು ಬಂತು. ತಲೆ ಎತ್ತಿದರೆ ಮಾಸ್ತರೂ ಮೀಸೆಯೊಳಗೇ ನಗುತ್ತಿದ್ದರು.

ಹಸಿರು ಪೆನ್ನು ಕಾಗದದ ಮೇಲೆ ಓಡಿತು. ಗೋದಕ್ಕ ಬಾಗಿಲಿಗೆ ಬಂದು ನಿಂತರು. ಮಾಸ್ತರು ಕೂಡಿಸಿದರು, ಮತ್ತೊಮ್ಮೆ ಕೂಡಿಸಿದರು. ಅರವತ್ತು ದಾಟಿದ ಆ ಮನುಷ್ಯ ಚಾಪೆಯಿಂದ ಚಂಗನೆ ಎದ್ದರು.

"ನಲವತ್ನಾಕು! ಗೋದೂ, ನಲವತ್ನಾಕು! ಒಂದ, ಒಂದ ಮಾರ್ಕಿನ ಫರಕು!"

ಹೊಸ್ತಿಲು ದಾಟಿ ಗ್ಯಾಲರಿಯ ಕಟಕಟೆ ಹಿಡಿದು, ಅದೇ ಉಸಿರಿನಲ್ಲಿ ಮರಾಠಿಗೆ ತಿರುಗಿ ಇಡೀ ವಾಡೆಗೆ ಸಾರಿದರು: "ಆಜಿ! ಬೋರ್ಡಾಚಂ ಬರೋಬರ ಆಹೇ! ಮಾಝಂಪಣ ಬರೋಬರ ಆಹೇ!" ಬೋರ್ಡಿನದೂ ಸರಿ, ನನ್ನದೂ ಸರಿ. ಹಾಗಾದರೆ ತಪ್ಪು ಯಾರದು ಎಂದು ಆಜಿ ಕೆಳಗಿನಿಂದ ಕೇಳಿದರು. ಮಾಸ್ತರು ಸಂತೋಷದಿಂದ ನನ್ನ ಹೆಗಲ ಮೇಲೆ ಕೈಹಾಕಿ ಎಲ್ಲರಿಗೂ ತೋರಿಸಿದರು.

ಅರ್ಜಿಯನ್ನು ಹರಿದು ಹಾಕಿದರು. ಇಸ್ತ್ರಿಯ ಕೋಟು ವ್ಯರ್ಥವಾಗಬಾರದೆಂದು ಅದನ್ನೇ ತೊಟ್ಟು ಪೇಢೆ ತಂದು ಮನೆಮನೆಗೆ ಹಂಚಿದರು. ನಲವತ್ತಮೂರು ಮಾರ್ಕಿಗೆ ಪೇಢೆ ಹಂಚಿದ್ದು ಸದಾಶಿವ ಪೇಠದಲ್ಲಿ ಅದೇ ಮೊದಲಿರಬೇಕು. ಅಪ್ಪನೊಬ್ಬರೇ ಪೇಢೆ ಮುಟ್ಟದೆ ಬೆಲ್ಟಿಗೆ ಕೈ ಹಾಕಿದರು. ಮಾಸ್ತರು ಅಡ್ಡ ಬಂದರು.

"ಕೈ ಎತ್ತಬ್ಯಾಡ್ರಿ. ತಮ್ಮ ತಪ್ಪು ಒಂದೂ ಬಿಡದಂಗ ಬರದವರನ್ನ ನಾ ಈತನಕ ನೋಡಿಲ್ಲ. ಡಿಪ್ಲೊಮಾ ಬ್ಯಾಡ. ಕಾಮರ್ಸಿಗೆ ಹಾಕ್ರಿ, ಬದಕ್ತಾನ."

ನನ್ನಿಂದಾಗಿ ಪದ್ಧತಿಯಲ್ಲಿ ಒಂದು ಬದಲಾವಣೆ ಆಯಿತು. ಮರುವರ್ಷದಿಂದ ಗಣಿತದ ದಿನ ಮಾಸ್ತರೇ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಕೊಡೆ ಹಿಡಿದು ನಿಲ್ಲತೊಡಗಿದರು. "ಒಬ್ಬರೂ ಪಿಟ್ ಅನಬ್ಯಾಡ್ರಿ!" ಎಂದು ಶಿಷ್ಯರನ್ನು ಸಾಲಾಗಿ ನಡೆಸಿಕೊಂಡು ವಾಡೆಗೆ ತರುತ್ತಿದ್ದರು. ಐದಾರು ಹುಡುಗರು ಬಾಯಿ ಹೊಲಿದುಕೊಂಡು ನಡೆಯುವುದನ್ನು ನೋಡಿ, ಯಾರದೋ ಮನೆಯಲ್ಲಿ ಕೆಟ್ಟದ್ದಾಗಿದೆ ಎಂದು ದಾರಿಯ ಜನ ಸರಿದು ನಿಲ್ಲುತ್ತಿದ್ದರು.

ನಾನು ಕಾಮರ್ಸು ಓದಿದೆ. ಈಗ ಹಗಲಿಗೆ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಗುಮಾಸ್ತ; ಗಣೇಶೋತ್ಸವ ಬಂದರೆ ಆರ್ಕೆಸ್ಟ್ರಾಗಳಲ್ಲಿ ಎರಡು ಹಾಡುಗಳ ನಡುವೆ ಮಿಮಿಕ್ರಿ. ಮಾಸ್ತರನ್ನು ಕಡೆಯ ಸಲ ಕಂಡದ್ದು ಹೋದ ವರ್ಷ ಜೂನಿನಲ್ಲಿ, ಬಸ್ ಸ್ಟಾಪಿನಲ್ಲಿ. ದಸರೆ ಬರುವಷ್ಟರಲ್ಲಿ ಅವರು ಇರಲಿಲ್ಲ, ನಿದ್ದೆಯಲ್ಲಿ ಹೋದರಂತೆ. ಅಂದು ಮಾತ್ರ, ಎಂಬತ್ತರ ಹತ್ತಿರ ಬಂದಿದ್ದರೂ, ಕೈಯಲ್ಲಿ ಮೆಂತ್ಯೆಸೊಪ್ಪಿನ ಚೀಲ ಹಿಡಿದು ಗಟ್ಟಿಮುಟ್ಟಾಗಿ ನಿಂತಿದ್ದರು. ಜೊತೆಗೆ ಒಬ್ಬ ಗೃಹಸ್ಥರು, ನಮ್ಮ ಕಡೆಯವರೇ. ಮಗಳ ನಿಕಾಲು ಬಂದಿತ್ತು. ರೀಚೆಕಿಂಗ್ ಮಾಡಿಸಬೇಕೋ ಬಿಡಬೇಕೋ ಎಂದು ಮಾಸ್ತರ ಬೆನ್ನು ಹತ್ತಿದ್ದರು.

ನನ್ನನ್ನು ಕಂಡದ್ದೇ ಮಾಸ್ತರ ಮುಖ ಅರಳಿತು. ಗೃಹಸ್ಥರ ತೋಳು ಹಿಡಿದು ನನ್ನ ಕಡೆ ತಿರುಗಿಸಿದರು.

"ನೋಡ್ರಿ, ಇಂವಾ ರಾಘು. ನನ್ನ ವಿದ್ಯಾರ್ಥಿ. ಗಣಿತಕ್ಕ ನಲವತ್ಮೂರು!"

ಗೃಹಸ್ಥರು ಕೈಮುಗಿಯಲು ಎತ್ತಿದ ಕೈಯನ್ನು ಹಾಗೇ ಎದೆಯ ಹತ್ತಿರ ನಿಲ್ಲಿಸಿದರು. ಅಷ್ಟರಲ್ಲಿ ಬಸ್ಸು ಬಂತು. "ಮಗಳಿಗೆ ಕೇಳ್ರಿ ಮದ್ಲು, ಅಲ್ಲಿ ಏನ್ ಬರದಿದ್ದಾಳಂತ. ಬೋರ್ಡಿಗೆ ಆಮ್ಯಾಲೆ ಕೇಳೂಣು," ಎಂದು ಅವರಿಗೆ ಹೇಳಿ, ನನ್ನ ಬೆನ್ನಿಗೊಂದು ಗುದ್ದು ಕೊಟ್ಟು ಮಾಸ್ತರು ಹತ್ತಿದರು. ಕಂಡಕ್ಟರನಿಗೆ ಮೆತ್ತನೆಯ ಮರಾಠಿಯಲ್ಲಿ ಏನೋ ಹೇಳುವುದು ಕೇಳಿಸುತ್ತಿರುವಂತೆಯೇ ಬಸ್ಸು ಹೊರಟಿತು.

ಗೃಹಸ್ಥರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ತಪ್ಪ ತಿಳೀಬ್ಯಾಡ್ರಿ," ಎಂದರು, "ನಲವತ್ಮೂರಕ್ಕ ಅವರು ಅಷ್ಟ್ಯಾಕ ಖುಷಿ ಪಟ್ಟರು?"

ಆ ಹೊತ್ತಿಗೆ ಯಾರ ದನಿಯೂ ನನ್ನ ಬಾಯಿಗೆ ಬರಲಿಲ್ಲ. ನನ್ನದರಲ್ಲೇ ಹೇಳಿದೆ:

"ಅಷ್ಟೂ ನನ್ನೂವ ಇದ್ದೂವ್ರಿ."